ಒಂದು ಗೇಣು ಪೈಪು, ಎಂಟು ತಿಂಗಳು: ಜಿಪ್ಸಿಗೆ ಹಾಕಿಸಿದ ಇಂಜೆಕ್ಷನ್ ಕಿಟ್, ಮೂರು ವರ್ಷದ ಮೇಲೆ

ಕಿಟ್ ಜೊತೆ ಬಂದ ಪುಸ್ತಕದಲ್ಲಿ ವ್ಯಾಕ್ಯೂಮ್ ಪೈಪಿನ ಬಗ್ಗೆ ಇದ್ದದ್ದು ಒಂದೇ ಸಾಲು. ಮ್ಯಾಪ್ ಸೆನ್ಸರಿನ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ಪೈಪನ್ನು ಎಂಜಿನ್ ವ್ಯಾಕ್ಯೂಮ್‌ಗೆ, ಅಂದರೆ ಎಂಜಿನ್ ಗಾಳಿ ಎಳೆಯುವಾಗ ಆಗುವ ನಿರ್ವಾತಕ್ಕೆ, ಜೋಡಿಸಿ, ಅಷ್ಟೇ. ಯಾವ ವ್ಯಾಕ್ಯೂಮ್? ಬಟರ್‌ಫ್ಲೈ (ಎಕ್ಸಲೇಟರ್ ತುಳಿದಾಗ ತೆರೆಯುವ ಗಾಳಿಯ ಬಾಗಿಲು) ಮೇಲಿನದೋ, ಕೆಳಗಿನದೋ? ಬೇರೆ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ತೆಗೆಯಬಹುದೋ, ಬೇಡವೋ? ಏನೂ ಇಲ್ಲ. ಆ ಒಂದು ಸಾಲಿಗೆ ನನ್ನ ಎಂಟು ತಿಂಗಳು ಹೋಯಿತು.

ಗಾಡಿ 1998ರ ಜಿಪ್ಸಿ ಕಿಂಗ್. 2000ದಿಂದ ಕಂಪನಿಯೇ ಇಂಜೆಕ್ಷನ್ ಕೊಟ್ಟಿತು, ನಮ್ಮದು ಅದಕ್ಕೆ ಮೊದಲಿನ ಕಾರ್ಬುರೇಟರ್ ಗಾಡಿ. ಆಲ್ದೂರಿನ ಹತ್ತಿರ ನಮಗೆ ಆರು ಎಕರೆ ಕಾಫಿ ಇದೆ. ತೋಟದೊಳಗೆ ಗೊಬ್ಬರದ ಮೂಟೆ, ವಾರಕ್ಕೆರಡು ಸಲ ಚಿಕ್ಕಮಗಳೂರು, ಆಗಾಗ ಘಟ್ಟದ ಕೆಳಗೆ ನೆಂಟರ ಮನೆ. ಇಷ್ಟೇ ಅದರ ಓಡಾಟ. ಡಿಸೆಂಬರಿನ ಬೆಳಗ್ಗೆ ಚೋಕ್ ಎಳೆದು ಹತ್ತು ನಿಮಿಷ ಒದ್ದಾಡಿ ಸಾಕಾಗಿತ್ತು. ಆ ವರ್ಷ ಮೆಣಸಿಗೆ ಒಳ್ಳೆ ರೇಟು ಸಿಕ್ಕಿತು. 58 ಸಾವಿರ ಕೊಟ್ಟು ಕಿಟ್ ತರಿಸಿದೆ. ಕಾರ್ಬುರೇಟರ್ ತೆಗೆದು ಅದೇ ಜಾಗಕ್ಕೆ ಥ್ರಾಟಲ್ ಬಾಡಿ (ಬಟರ್‌ಫ್ಲೈ ಇರುವ ಭಾಗ) ಕೂರಿಸುವ ಮಾದರಿ. ಇನ್ನುಳಿದ ವಿವರ ಯಾರು ಬೇಕಾದರೂ ನೋಡಿಕೊಳ್ಳಬಹುದು, ನಾನು ಪೈಪಿನ ವಿಷಯಕ್ಕೆ ಬರುತ್ತೇನೆ.

ಈ ಕಿಟ್‌ನಲ್ಲಿ ಗಾಳಿ ಅಳೆಯುವ ಮೀಟರ್ ಇಲ್ಲ. ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಒಳಗಿನ ಒತ್ತಡ, ಆರ್‌ಪಿಎಂ, ಗಾಳಿಯ ಬಿಸಿ, ಇಷ್ಟು ನೋಡಿ ಎಂಜಿನ್ ಎಷ್ಟು ಗಾಳಿ ಎಳೆಯಿತು ಅಂತ ಕಿಟ್‌ನ ಕಂಪ್ಯೂಟರ್, ಅಂದರೆ ಇಸಿಯು, ಲೆಕ್ಕ ಹಾಕುತ್ತದೆ. ಅದರ ಮೇಲೆ ಪೆಟ್ರೋಲ್. ಅಂದರೆ ಆ ಒತ್ತಡವನ್ನು ಸೆನ್ಸರಿಗೆ ಮುಟ್ಟಿಸುವ ಒಂದು ಗೇಣು ಪೈಪು ಸುಳ್ಳು ಹೇಳಿದರೆ ಮುಂದಿನದ್ದೆಲ್ಲ ಸುಳ್ಳೇ.

ಮೊದಲು ಕಿಟ್ ಕೂರಿಸಿದ ಹುಡುಗ ಪೈಪನ್ನು ಡಿಸ್ಟ್ರಿಬ್ಯೂಟರಿಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹೋಗುವ ನಿಪ್ಪಲ್‌ಗೆ ಟೀ ಹಾಕಿ ಜೋಡಿಸಿದ. ಆ ನಿಪ್ಪಲ್ ಬಟರ್‌ಫ್ಲೈ ಮೇಲ್ಗಡೆ ಇರುತ್ತದೆ. ಡಿಸ್ಟ್ರಿಬ್ಯೂಟರಿಗೆ ಅದೇ ಸರಿ, ಐಡ್ಲಿಂಗ್‌ನಲ್ಲಿ ಅದಕ್ಕೆ ವ್ಯಾಕ್ಯೂಮ್ ಬೇಕಾಗಿಲ್ಲ. ಆದರೆ ಮ್ಯಾಪ್ ಸೆನ್ಸರಿಗೆ ಅಲ್ಲಿ ಕಾಣುವುದು ಹೆಚ್ಚು ಕಡಿಮೆ ಹೊರಗಿನ ಗಾಳಿಯೇ. ಗಾಡಿ ಐಡ್ಲಿಂಗ್‌ನಲ್ಲಿ ಸುಮ್ನೆ ನಿಂತಿದ್ದರೂ, ಸೆನ್ಸರಿನ ಅಂಕಿ ಕಾಣುವ ಫೋನಿನಲ್ಲಿ 85 ಕಿಲೋಪಾಸ್ಕಲ್ ತೋರಿಸುತ್ತಿತ್ತು. ಪೂರ್ತಿ ಎಕ್ಸಲೇಟರ್ ತುಳಿದಿದ್ದಾರೆ ಅಂತ ತಿಳಿದು ಇಸಿಯು ಪೆಟ್ರೋಲ್ ಸುರಿಯುತ್ತಿತ್ತು. ನಾಲ್ಕೇ ದಿನಕ್ಕೆ ಪ್ಲಗ್‌ಗಳು ಮಸಿ ಹಿಡಿದು ಕಪ್ಪಾದವು.

ಅದು ತಪ್ಪು ಅಂತ ಗೊತ್ತಾದ ಮೇಲೆ ಬ್ರೇಕ್ ಬೂಸ್ಟರಿನ (ವ್ಯಾಕ್ಯೂಮ್ ಬಲದಿಂದ ಬ್ರೇಕ್ ಹಗುರ ಮಾಡುವ ಡಬ್ಬಿ) ದಪ್ಪ ಪೈಪಿಗೆ ಟೀ ಹಾಕಿದ. ಅದು ಬಟರ್‌ಫ್ಲೈ ಕೆಳಗಿನ ವ್ಯಾಕ್ಯೂಮ್ ತಾನೇ, ನನಗೂ ಸರಿ ಅನ್ನಿಸಿತು. ಗಾಡಿ ಚೆನ್ನಾಗೇ ಓಡಿತು. ಆದರೆ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ಬಿಟ್ಟಾಗೆಲ್ಲ ಗುಡುಗುಡು ಅಂದು ಆರ್‌ಪಿಎಂ ಕುಸಿಯುತ್ತಿತ್ತು. ತಿಂಗಳುಗಟ್ಟಲೆ ಮ್ಯಾಪ್ ಟೇಬಲ್, ಅಂದರೆ ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ, ತಿದ್ದಿದೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಅಮ್ಮನನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೊರಟ ದಿನ ಅದು ಬಯಲಾಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುತ್ತಿದ್ದೆವು. ಮಂಜು ಇತ್ತು, ಎದುರಿಗೆ ಲಾರಿ. ತಿರುವಿನಲ್ಲಿ ಎರಡು ಸಲ ಬ್ರೇಕ್ ಒತ್ತಿ, ಕ್ಲಚ್ ತುಳಿದು ಗೇರ್ ಇಳಿಸುವಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್‌ನಿಂದ ಗಾಡಿ ನಿಲ್ಲಿಸಿದೆ. ಅಮ್ಮ ಡ್ಯಾಶ್‌ಬೋರ್ಡಿನ ಕಂಬಿ ಹಿಡಿದವರು ಧರ್ಮಸ್ಥಳ ಮುಟ್ಟುವವರೆಗೆ ಕೈ ಬಿಡಲಿಲ್ಲ. ಆವತ್ತು ಬಂದ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಕಿಟ್ ಮಾರಿದವರಿಗೆ ಫೋನ್ ಮಾಡಿದೆ. ಅವರು ವ್ಯಾಕ್ಯೂಮ್ ಗೇಜಿನಲ್ಲಿ ಎಷ್ಟು ಬರುತ್ತದೆ ಅಂತ ಕೇಳಿದರು. ಪಾದರಸದ ಲೆಕ್ಕದಲ್ಲಿ 15 ಇಂಚು ಅಂದೆ. "18 ಬರಬೇಕು ಸಾರ್, ನಿಮ್ಮ ಎಂಜಿನ್ ಪಿಸ್ಟನ್ ರಿಂಗ್ ಹೋಗಿದೆ" ಅಂದರು. ನಂಬಿ ಕಂಪ್ರೆಷನ್ ಟೆಸ್ಟ್ ಮಾಡಿಸಿದೆ. ನಾಲ್ಕೂ ಸಿಲಿಂಡರ್ ಸರಿ ಇದ್ದವು.

ಕೊನೆಗೆ ಊರಿನ ಹಳೇ ಮೇಸ್ತ್ರಿಯ ಹತ್ತಿರ ಹೋದೆ. ಇಂಜೆಕ್ಷನ್ ಅವರಿಗೆ ಹೊಸದು, ವ್ಯಾಕ್ಯೂಮ್ ಅಲ್ಲ. ಅವರು ಮೊದಲು ಹೇಳಿದ್ದೇ ಇದು: "ಗೌಡ್ರೇ, ನಾವಿರೋದು ಬೆಟ್ಟದ ಮೇಲೆ. ಇಲ್ಲಿ 15 ಬಂದ್ರೆ ಮಂಗಳೂರಲ್ಲಿ 18ರ ಮೇಲೆ ಬಂದಂಗೆ." ಲೆಕ್ಕ ನೋಡಿದರೆ ಅದು ನಿಜ. ಸುಮಾರು 300 ಮೀಟರ್ ಮೇಲೇರಿದರೆ ಗೇಜು ಒಂದು ಇಂಚು ಕಡಿಮೆ ತೋರಿಸುತ್ತದೆ. ಚಿಕ್ಕಮಗಳೂರು ಸಾವಿರ ಮೀಟರ್‌ಗೂ ಎತ್ತರದಲ್ಲಿದೆ.

ಆಮೇಲೆ ಅವರು ತಮ್ಮ ಗೇಜನ್ನು ಪಿಸಿವಿ ಪೈಪ್ (ಎಂಜಿನ್ನಿನ ಆಯಿಲ್ ಹಬೆಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪೈಪು) ತೆಗೆದು ಆ ನಿಪ್ಪಲ್‌ಗೆ ಹಾಕಿದರು. ನನ್ನ ಕೈಗೆ ಫೋನ್ ಕೊಟ್ಟು, ಬ್ರೇಕ್ ಒತ್ತಿ ಒತ್ತಿ ಬಿಡಿ ಅಂದರು. ಗೇಜಿನ ಮುಳ್ಳು ಒಂದು ಚೂರು ಅಲ್ಲಾಡಿ ನಿಂತಿತು. ಫೋನಿನಲ್ಲಿ ಮಾತ್ರ 40 ಇದ್ದದ್ದು 60ಕ್ಕೆ ಹಾರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬ್ರೇಕ್ ಬಿಟ್ಟಾಗ ಬೂಸ್ಟರಿನಿಂದ ಗಾಳಿ ಆ ಪೈಪಿನಲ್ಲಿ ಮ್ಯಾನಿಫೋಲ್ಡ್ ಕಡೆ ನುಗ್ಗುತ್ತದೆ. ಸೆನ್ಸರಿನ ಟೀ ಇದ್ದದ್ದು ಆ ದಾರಿಯ ಮಧ್ಯದಲ್ಲೇ. ಎಂಜಿನ್‌ಗೆ ಇಲ್ಲದ ಭಾರ ಸೆನ್ಸರಿಗೆ ಕಾಣುತ್ತಿತ್ತು, ಪೆಟ್ರೋಲ್ ಜಾಸ್ತಿಯಾಗಿ ಎಂಜಿನ್ ಉಸಿರು ಕಟ್ಟುತ್ತಿತ್ತು.

ಹಾಗಾದರೆ ಪಿಸಿವಿ ನಿಪ್ಪಲ್‌ನಿಂದಲೇ ತೆಗೆಯೋಣವಾ ಅಂತ ಕೇಳಿದೆ. ಬೇಡ ಅಂದರು. ಆ ಪೈಪಿನಲ್ಲಿ ಆಯಿಲ್ ಹಬೆ ಬರುತ್ತದೆ, ಸೆನ್ಸರ್ ಹಾಳಾಗುತ್ತದೆ. ಒಂದೇ ಸಿಲಿಂಡರಿನ ಕವಲಿನಿಂದ ತೆಗೆದರೆ ಆ ಸಿಲಿಂಡರ್ ಎಳೆದಾಗೆಲ್ಲ ಒತ್ತಡ ಏರಿಳಿಯುತ್ತದೆ. ಥ್ರಾಟಲ್ ಬಾಡಿಗೂ ಮ್ಯಾನಿಫೋಲ್ಡಿಗೂ ನಡುವೆ, ನಾಲ್ಕೂ ಸಿಲಿಂಡರಿಗೆ ಸೇರಿದ ಜಾಗವೇ ಸರಿ. ಲೇತ್ ಅಂಗಡಿಯಲ್ಲಿ 10 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಮಾಡಿಸಿ, ಪಕ್ಕದಿಂದ ತೂತು ಹೊಡೆದು ನಿಪ್ಪಲ್ ಕೂರಿಸಿದರು. 450 ರೂಪಾಯಿ. ನಿಪ್ಪಲ್ ಮೇಲ್ಮುಖ, ಸೆನ್ಸರ್ ಅದಕ್ಕಿಂತ ಎತ್ತರದಲ್ಲಿ. ಪೆಟ್ರೋಲ್ ಹನಿ ಒಳಗೆ ನಿಲ್ಲದೆ ವಾಪಸ್ ಇಳಿದುಹೋಗಬೇಕು. ಪೈಪು ಗಟ್ಟಿಯಾದದ್ದು, ಗಿಡ್ಡನೆಯದು, ಬೇರೆ ಯಾವುದಕ್ಕೂ ಹಂಚಿಲ್ಲ.

ಸಂಜೆ ಸ್ಟಾರ್ಟ್ ಮಾಡಿದಾಗ 38. ಬ್ರೇಕ್ ಒತ್ತಿದೆ, ಬಿಟ್ಟೆ, ಹತ್ತು ಸಲ. 38, 39, ಮತ್ತೆ 38. ಟೇಬಲ್ ಹೊಸದಾಗಿ ಬರೆಯಬೇಕಾಯಿತು. ಆದರೆ ಈ ಸಲ ಬರೆದದ್ದು ಬರೆದ ಹಾಗೇ ನಿಂತಿತು. ಎಂಟು ತಿಂಗಳಲ್ಲಿ ಆಗದ್ದು ಎರಡು ಭಾನುವಾರದಲ್ಲಿ ಮುಗಿಯಿತು.

ಅಲ್ಲಿಂದ ಈಚೆಗೆ ಈ ಕಿಟ್ ಮೇಲೆ ನನಗೆ ನಿಜವಾಗಿ ಪ್ರೀತಿ ಬಂದಿದೆ. ಬೆಳಗ್ಗೆ ಕಾಫಿ ಲೋಟ ಬಾನೆಟ್ ಮೇಲಿಟ್ಟು, ಬಾಗಿಲಿನಿಂದಲೇ ಕೈ ಹಾಕಿ ಕೀ ತಿರುಗಿಸುತ್ತೇನೆ. ಪಂಪು ಎರಡು ಸೆಕೆಂಡ್ ಗುಯ್ ಅಂದು ಸುಮ್ಮನಾಗುತ್ತದೆ. ಎಂಜಿನ್ ಇನ್ನೂ ನಿಂತಿರುವುದರಿಂದ ಆಗ ಮ್ಯಾಪ್ ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನು. ನಮ್ಮ ಮನೆ ಮುಂದೆ 90ರ ಆಸುಪಾಸು. ಮುಳ್ಳಯ್ಯನಗಿರಿ ಕಡೆ ಮೇಲೆ ನಿಲ್ಲಿಸಿದಾಗ 82 ನೋಡಿದ್ದೇನೆ, ಚಾರ್ಮಾಡಿ ಬುಡದಲ್ಲಿ 99. ಆ ಅಂಕಿ ನೋಡಿ, ಒಂದು ಗುಟುಕು ಕುಡಿದು, ಸೆಲ್ಫ್ ಹೊಡೆಯುತ್ತೇನೆ. ಒಂದೇ ಸುತ್ತಿಗೆ ಹಿಡಿಯುತ್ತದೆ. ಚೋಕ್ ನಾಬ್ ಈಗ ಬರೀ ಅಲಂಕಾರಕ್ಕೆ ಇದೆ. ಮೈಲೇಜ್ 9 ಇದ್ದದ್ದು 11 ಆಗಿದೆ. ಪೆಟ್ರೋಲ್‌ನಲ್ಲಿ ಎಥನಾಲ್ 20 ಪರ್ಸೆಂಟ್‌ಗೆ ಏರಿದ ಮೇಲೂ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ ನೋಡಿ ಅದೇ ಸರಿ ಮಾಡಿಕೊಳ್ಳುತ್ತಿದೆ.

ಒಂದು ಕೊರತೆ ಉಳಿದಿದೆ. ಹೊರಗಿನ ಒತ್ತಡವನ್ನು ಈ ಕಿಟ್ ಕೀ ತಿರುಗಿಸಿದಾಗ ಮಾತ್ರ ಓದಿಕೊಳ್ಳುತ್ತದೆ. ಘಟ್ಟ ಇಳಿದ ಮೇಲೂ ಅದರ ಲೆಕ್ಕದಲ್ಲಿ ನಾವು ಆಲ್ದೂರಿನಲ್ಲೇ ಇರುತ್ತೇವೆ. ಅದಕ್ಕೆ ಕೆಳಗೆ ಒಂದು ಕಡೆ ಪಕ್ಕಕ್ಕೆ ಹಾಕಿ ಆಫ್ ಮಾಡಿ ಆನ್ ಮಾಡುತ್ತೇನೆ. ಘಟ್ಟದ ಊರುಗಳಿಗೆ ಮಾರುವವರು ಇನ್ನೊಂದು ಸೆನ್ಸರ್ ಕೊಡಬೇಕಿತ್ತು, ಅಲ್ವಾ? ಆ ಪ್ಲೇಟ್ ಕೂಡ ಅವರೇ ಕೊಡಬೇಕಿತ್ತು. ನನ್ನಂಥ ಸಣ್ಣ ಬೆಳೆಗಾರನಿಗೆ 58 ಸಾವಿರ ಸಣ್ಣ ದುಡ್ಡಲ್ಲ. ಇಷ್ಟಾಗಿಯೂ ಇನ್ನೊಮ್ಮೆ ತೆಗೆದುಕೊಳ್ಳುತ್ತೀಯಾ ಅಂದರೆ, ತೆಗೆದುಕೊಳ್ಳುತ್ತೇನೆ.

ಸಕಲೇಶಪುರದ ಭಾವ ಅದೇ ಕಿಟ್ ತರಿಸಿದ್ದಾರೆ. ಮೊನ್ನೆ ಫೋನ್ ಮಾಡಿ, ಕೂರಿಸುವ ಹುಡುಗ ಬ್ರೇಕ್ ಪೈಪಿನಿಂದ ವ್ಯಾಕ್ಯೂಮ್ ತೆಗೆಯುತ್ತೇನೆ ಅಂತಿದ್ದಾನೆ ಅಂದರು. "ಭಾವ, ಏನೂ ಮುಟ್ಟಿಸಬೇಡಿ, ಭಾನುವಾರ ಬರ್ತೀನಿ" ಅಂದೆ. ಲೇತ್ ಅಂಗಡಿಯಲ್ಲಿ ಎರಡನೇ ಪ್ಲೇಟ್ ರೆಡಿಯಾಗಿದೆ.