ಮೂರು ವರ್ಷ ಬಾಡಿಗೆಗಿದ್ದ ಬೆಳಕು: ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ವೇವ್‌ಲೆಂತ್ ಲಿಂಕ್

ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಹಿಡಿದು ನಾನು ಮೊದಲು ನೋಡುವುದು ಎರಡು ಸಂಖ್ಯೆ. 0.41 ಮತ್ತು 0.49. ವೈಟ್‌ಫೀಲ್ಡ್‌ನ ಡೇಟಾ ಸೆಂಟರ್‌ನಲ್ಲಿರುವ ನಮ್ಮ ರ‍್ಯಾಕ್‌ನಿಂದ ಎಲೆಕ್ಟ್ರಾನಿಕ್ ಸಿಟಿಯ ರ‍್ಯಾಕ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಹೊತ್ತು ಅದು, ಮಿಲಿಸೆಕೆಂಡ್ ಲೆಕ್ಕದಲ್ಲಿ. ಎರಡು ಲಿಂಕ್, ಎರಡು ಕಂಪನಿ, ಎರಡು ದಾರಿ. ಮೂರು ವರ್ಷ ನಾಲ್ಕು ತಿಂಗಳಿಂದ ಬಾಡಿಗೆ ಕಟ್ಟುತ್ತಿದ್ದೇವೆ. ಇಂಥ ಲಿಂಕ್ ತೆಗೆದುಕೊಳ್ಳುವ ಯೋಚನೆಯಲ್ಲಿರುವವರು ಸಹಿ ಹಾಕುವ ಮುಂಚೆ ಈ ಎರಡು ಸಂಖ್ಯೆಗಳ ಕಥೆ ಕೇಳಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡ ಕಂಪನಿಯಲ್ಲ. ಸೌಹಾರ್ದ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ನಡೆಸಿಕೊಡುತ್ತೇವೆ. ಸಾಲ, ಠೇವಣಿ, ಪಿಗ್ಮಿ ಎಲ್ಲವೂ ನಮ್ಮ ಸರ್ವರ್ ಮೇಲೆ. ಪಿಗ್ಮಿ ಏಜೆಂಟರು ಸಂಜೆ ಅಂಗಡಿ ಅಂಗಡಿಗೆ ಹೋಗಿ ಐವತ್ತೋ ನೂರೋ ಕಟ್ಟಿಸಿಕೊಂಡು ಕೈಲಿರುವ ಮೆಷಿನ್ನಿನಲ್ಲಿ ಒತ್ತುತ್ತಾರೆ. ಚೀಟಿ ಹರಿದು ಸೊಪ್ಪಿನಮ್ಮನ ಕೈಗೆ ಕೊಟ್ಟ ಮೇಲೆ ಆ ಐವತ್ತು ರೂಪಾಯಿ ಎಲ್ಲೂ ಕಳೆದುಹೋಗಬಾರದು. ಅದಕ್ಕೇ ಪ್ರತಿ ನಮೂದು ಎರಡೂ ಡೇಟಾ ಸೆಂಟರ್‌ನಲ್ಲಿ ಬರೆದಾದ ಮೇಲೆ ಮಾತ್ರ ನಮ್ಮ ಡೇಟಾಬೇಸ್ ‘ಆಯ್ತು’ ಅನ್ನುತ್ತದೆ. ಮುಂಚೆ ಇದ್ದದ್ದು ಮಾಮೂಲಿ ಲೀಸ್ಡ್ ಲೈನ್, ಅಂದರೆ ಬಾಡಿಗೆಯ ಡೇಟಾ ಲೈನ್, ಅದರ ಹಿಂದಿನ ಜಾಲ ಬೇರೆ ಗಿರಾಕಿಗಳ ಜೊತೆ ಹಂಚಿಕೊಂಡಿದ್ದು. ಬೆಳಿಗ್ಗೆ 2 ಮಿಲಿಸೆಕೆಂಡ್, ಸಂಜೆ ಏಳಕ್ಕೆ 9, ಒಮ್ಮೊಮ್ಮೆ 30. ಪಿಗ್ಮಿ ಕಟ್ಟಿಸಿಕೊಳ್ಳುವುದು ಜಾಸ್ತಿ ಇರುವುದೂ ಅದೇ ಹೊತ್ತಿಗೆ.

ವೇವ್‌ಲೆಂತ್ ಅಂದರೆ ನಮಗೆ ಸಿಗುವುದು ಒಂದು ಬಣ್ಣ. ಕೂದಲೆಳೆಯಂಥ ಗಾಜಿನಲ್ಲಿ ಹತ್ತಾರು ಬಣ್ಣದ ಬೆಳಕು ಒಟ್ಟಿಗೆ ಓಡುತ್ತವೆ. ಎಲ್ಲವೂ 1550 ನ್ಯಾನೋಮೀಟರ್ ಆಸುಪಾಸಿನವು, ಕಣ್ಣಿಗೆ ಕಾಣುವುದಿಲ್ಲ. ಮೊದಲ ಲಿಂಕಿನ ಹ್ಯಾಂಡೋವರ್ ಕಾಗದದಲ್ಲಿ 1552.52 ಅಂತ ಬರೆದಿತ್ತು. ಆ ಬಣ್ಣದಲ್ಲಿ ನಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಡೇಟಾ ಕಟ್ಟು) ಹಾಕಬಹುದಾ ಅಂತ ಯಾರನ್ನೂ ಕೇಳಬೇಕಿಲ್ಲ, ವಿಲ್ಯಾನ್ (ಒಂದೇ ಲೈನಿನೊಳಗೆ ಮಾಡಿಕೊಳ್ಳುವ ಬೇರೆ ಬೇರೆ ಜಾಲ) ಲೆಕ್ಕ ಒಪ್ಪಿಸಬೇಕಿಲ್ಲ. ಆ ತುದಿಯ ನೆಟ್‌ವರ್ಕ್ ಸ್ವಿಚ್ (ಸರ್ವರ್‌ಗಳನ್ನು ಜೋಡಿಸುವ ಪೆಟ್ಟಿಗೆ) ಪಕ್ಕದ ರ‍್ಯಾಕ್‌ನಲ್ಲೇ ಇದ್ದ ಹಾಗೆ. 10ಜಿ, ಪೋರ್ಟ್, ಮಾಡ್ಯೂಲ್ ವಿವರಗಳೆಲ್ಲ ಕಂಪನಿಗಳ ಕೊಟೇಶನ್‌ನಲ್ಲೇ ಇರುತ್ತವೆ, ಇಲ್ಲಿ ಬೇಡ.

ನನಗೆ ಮನಸ್ಸಿಗೆ ಹಿಡಿಸಿದ್ದು ಅದರ ಸ್ಥಿರತೆ. ರಾತ್ರಿ ಮೂರಕ್ಕೆ 0.41. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್‌ನಲ್ಲಿ ಗಾಡಿಗಳು ಇಂಚೂ ಸರಿಯದೆ ನಿಂತಿರುವಾಗ, ಅದೇ ರಸ್ತೆಯ ಬದಿಯಲ್ಲಿ ಮಣ್ಣಿನೊಳಗೆ ಹೋಗುವ ನಮ್ಮ ಬೆಳಕಿಗೆ ಆಗಲೂ 0.41. ಮೊದಲ ತಿಂಗಳು ಆ ಗ್ರಾಫ್ ನೋಡುವುದೇ ಒಂದು ಖುಷಿ. ಗೆರೆ ಅಲುಗಾಡುತ್ತಲೇ ಇರಲಿಲ್ಲ.

ಇದನ್ನು ಅಳೆಯುವ ಬಗೆಯನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪಿಂಗ್ ಅಂದರೆ ಒಂದು ಚಿಕ್ಕ ಸಂದೇಶ ಕಳಿಸಿ ಉತ್ತರ ಬರುವ ಹೊತ್ತು ನೋಡುವುದು. ಸ್ವಿಚ್‌ಗೆ ಪಿಂಗ್ ಮಾಡಬೇಡಿ, ಅದಕ್ಕೆ ಬೇರೆ ಕೆಲಸ ಜಾಸ್ತಿ, ಪಿಂಗ್‌ಗೆ ಬಿಡುವಾದಾಗ ಉತ್ತರ ಕೊಡುತ್ತದೆ. ಎರಡೂ ತುದಿಯಲ್ಲಿ ಒಂದೊಂದು ಹಳೇ ಸರ್ವರ್ ಇಟ್ಟಿದ್ದೇನೆ. ಗಂಟೆಗೊಮ್ಮೆ ಸಾವಿರ ಪಿಂಗ್ ಕಳಿಸಿ ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದಿಟ್ಟುಕೊಳ್ಳುತ್ತೇನೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್, ಹೋಗಿಬರಲು 10. ಮೊದಲ ಲಿಂಕ್ ಮಾರತ್‌ಹಳ್ಳಿ, ರಿಂಗ್ ರೋಡ್, ಸಿಲ್ಕ್ ಬೋರ್ಡ್, ಹೊಸೂರು ರಸ್ತೆ ಹಿಡಿದು ಹೋಗುತ್ತದೆ. ಕೇಬಲ್ ಉದ್ದ 35 ಕಿ.ಮೀ. ಅದಕ್ಕೆ 0.35. ಮಿಕ್ಕಿದ್ದು ನಡುವಿನ ಪೆಟ್ಟಿಗೆಗಳು ಮತ್ತು ನನ್ನ ಸರ್ವರ್ ತಿನ್ನುವ ಹೊತ್ತು. ಎರಡನೆಯದು ವರ್ತೂರು, ದೊಮ್ಮಸಂದ್ರ, ಚಂದಾಪುರ ಸುತ್ತಿಕೊಂಡು 43 ಕಿ.ಮೀ. ರಸ್ತೆ ಲೆಕ್ಕಕ್ಕಿಂತ ಕೇಬಲ್ ಯಾವಾಗಲೂ ಉದ್ದ. ಅಲ್ಲಲ್ಲಿ ಚೇಂಬರ್‌ಗಳಲ್ಲಿ ಸುರುಳಿ ಸುತ್ತಿ ಬಿಟ್ಟಿರುತ್ತಾರೆ, ನಾಳೆ ಕಟ್ ಆದರೆ ಎಳೆದು ಜೋಡಿಸಲು.

ಆಪ್ಟಿಕಲ್ ಪವರ್, ಅಂದರೆ ಬಂದು ತಲುಪುವ ಬೆಳಕಿನ ಬಲ, ನೋಡಿದರೆ ಸಾಲದೇ ಅಂತ ಕೇಳಬಹುದು. ಸಾಲದು. ನಮ್ಮ ಸ್ವಿಚ್ ತೋರಿಸುವ ಪವರ್ ಅದೇ ಕಟ್ಟಡದಲ್ಲಿರುವ ಕಂಪನಿಯ ಪೆಟ್ಟಿಗೆಯದ್ದು, ಹತ್ತು ಮೀಟರ್ ಪ್ಯಾಚ್ ಕಾರ್ಡ್‌ನ ಕಥೆ ಅಷ್ಟೇ. ಹೊರಗೆ ರಸ್ತೆಯಲ್ಲಿ ಏನಾಗಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಬೆಳಕು ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ತಿಳಿಯಲು ನನ್ನ ಹತ್ತಿರ ಇದ್ದದ್ದು ಆ ಹೊತ್ತಿನ ಲೆಕ್ಕ ಒಂದೇ.

ಎರಡನೇ ವರ್ಷದ ಮಳೆಗಾಲ. ರಿಂಗ್ ರೋಡ್ ಕಡೆ ಯಾವುದೋ ಕೆಲಸಕ್ಕೆ ಅಗೆಯುವಾಗ ಜೆಸಿಬಿ ಕೇಬಲ್ ಎತ್ತಿಬಿಟ್ಟಿತು. ಮೊದಲ ಲಿಂಕ್ ಬಿತ್ತು. ಎರಡನೆಯದು ಹೊತ್ತುಕೊಂಡಿತು, ಸಂಘಗಳಿಗೆ ಗೊತ್ತೇ ಆಗಲಿಲ್ಲ. ಕಂಪನಿಯವರು ಬೇರೆ ದಾರಿಗೆ ತಿರುಗಿಸಿ 38 ನಿಮಿಷದಲ್ಲಿ ಎತ್ತಿಕೊಟ್ಟರು. ಬಹಳ ಒಳ್ಳೆಯ ಕೆಲಸ, ಅವತ್ತೇ ಥ್ಯಾಂಕ್ಸ್ ಹೇಳಿ ಮೇಲ್ ಹಾಕಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ 0.49, 0.49.

ಅಷ್ಟರಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಹುಡುಗಿಯ ಮೆಸೇಜ್ ಬಂತು. “ಸರ್, ರಾತ್ರಿ ಬಡ್ಡಿ ಲೆಕ್ಕ ಎರಡೂವರೆ ನಿಮಿಷ ಲೇಟಾಗಿ ಮುಗಿದಿದೆ, ಏನಾದ್ರೂ ಬದಲಾಯಿಸಿದ್ರಾ?” ಸುಮಾರು 20 ಲಕ್ಷ ನಮೂದು ಒಂದರ ಹಿಂದೊಂದು ಹೋಗುತ್ತವೆ, ಒಂದೊಂದಕ್ಕೂ 0.08 ಮಿಲಿಸೆಕೆಂಡ್ ಜಾಸ್ತಿ. ಗುಣಿಸಿದರೆ 160 ಸೆಕೆಂಡ್. ಲೆಕ್ಕ ಸರಿಹೋಯಿತು. ಎರಡೂವರೆ ನಿಮಿಷ ನನಗೆ ದೊಡ್ಡ ವಿಷಯವಲ್ಲ. ಆದರೆ ಎರಡು ಕಂಪನಿಗಳ ಬೆಳಕಿಗೆ ಒಂದೇ ಹೊತ್ತು ಹಿಡಿಯುತ್ತಿದೆ ಅಂದರೆ ಎರಡೂ ಒಂದೇ ದಾರಿಯಲ್ಲಿ ಹೋಗುತ್ತಿರಬೇಕು ಅಲ್ವಾ? ಹಾಗಿದ್ದರೆ ವರ್ತೂರು ಕಡೆ ಒಂದು ಗುದ್ದಲಿ ಏಟು ಸಾಕು, ಎರಡೂ ಒಟ್ಟಿಗೆ ಹೋಗುತ್ತವೆ.

ಟಿಕೆಟ್ ಹಾಕಿದೆ. “ಲಿಂಕ್ ಅಪ್ ಇದೆಯಲ್ಲಾ ಸರ್” ಅಂತ ಮುಚ್ಚಿದರು. ಮತ್ತೆ ತೆರೆದೆ, ಮತ್ತೆ ಮುಚ್ಚಿದರು. ಸೇಲ್ಸ್‌ನವರು “ನಿಮ್ಮದು ಬೇರೆ ರೂಟೇ ಸರ್, ನಂಬಿ” ಅಂದರು. ನನಗೆ ತುಂಬಾ ಸಿಟ್ಟು ಬಂದದ್ದು ಕರಾರು ತೆಗೆದು ಓದಿದಾಗ. ಅದರಲ್ಲಿ 99.5% ಅಂತ ಇತ್ತು. ವರ್ಷಕ್ಕೆ ಸುಮಾರು 44 ಗಂಟೆ ಬಿದ್ದಿದ್ದರೂ ನಡೆಯುತ್ತದೆ ಅಂತ ಅದರ ಅರ್ಥ. 38 ನಿಮಿಷ ಯಾವ ಲೆಕ್ಕ? ದಾರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಎರಡು ದಾರಿ ಬೇಕೆಂದೇ ಎರಡು ಕಂಪನಿಗೆ ದುಡ್ಡು ಕಟ್ಟುತ್ತಿದ್ದೆವು. ಎರಡೂ ಸೇರಿದರೆ ನಮ್ಮ ಆಫೀಸಿನ ಬಾಡಿಗೆಗಿಂತ ಜಾಸ್ತಿ, ಮೇಲೆ 18% ಜಿಎಸ್‌ಟಿ. 23 ದಿನ ಹೀಗೇ ಹೋಯಿತು. ಜೋರಾಗಿ ಮಳೆ ಬಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಗುಟ್ಟು ಗೊತ್ತಾದದ್ದು ದೊಮ್ಮಸಂದ್ರ ದಾಟಿ ಒಂದು ಚೇಂಬರ್ ಹತ್ತಿರ. ಎರಡನೇ ಕಂಪನಿಯವರಿಗೆ ಅಲ್ಲೊಂದು ಜಾಯಿಂಟ್ ಸರಿಮಾಡುವುದಿತ್ತು. ನಾನೂ ಬರುತ್ತೇನೆ ಅಂದೆ, ಬನ್ನಿ ಅಂದರು. ಭಾನುವಾರ ರಾತ್ರಿ ಒಂದು ಗಂಟೆ. ಚೇಂಬರ್ ತುಂಬ ಕೆಸರು ನೀರು. ಪಂಪ್ ಇಟ್ಟು ನೀರು ತೆಗೆದು, ಕರೀ ಜಾಯಿಂಟ್ ಬಾಕ್ಸನ್ನು ಮೇಲೆತ್ತಿ ಓಮ್ನಿ ವ್ಯಾನಿನ ಹಿಂಬದಿಯಲ್ಲಿ ಇಟ್ಟುಕೊಂಡರು. ಸ್ಪ್ಲೈಸಿಂಗ್ ಮಾಡುವ, ಅಂದರೆ ಗಾಜಿನ ಎಳೆ ಬೆಸೆಯುವ ಹುಡುಗನಿಗೆ ಇಪ್ಪತ್ತೈದು ವರ್ಷ ಇರಬಹುದು. ಎಳೆಯ ಹೊದಿಕೆ ಸುಲಿದು, ಸ್ಪಿರಿಟ್ ಹಾಕಿ ಒರೆಸಿ, ತುದಿ ಕತ್ತರಿಸಿ, ಎರಡು ತುದಿಯನ್ನೂ ಮೆಷಿನ್ನಿನಲ್ಲಿ ಎದುರುಬದುರು ಇಟ್ಟ. ಚಿಕ್ಕ ಪರದೆಯಲ್ಲಿ ಎರಡು ಗೆರೆ ಹತ್ತಿರ ಬಂದವು. ಒಂದು ಕಿಡಿ. ಎರಡು ಗೆರೆ ಒಂದಾಯಿತು. ಪರದೆ ಮೇಲೆ 0.02 ಡಿಬಿ, ಬೆಸುಗೆಯಲ್ಲಿ ಕಳೆದುಹೋಗುವ ಬೆಳಕಿನ ಲೆಕ್ಕ. ಆಗ ಮಾತ್ರ ಅವನು ಉಸಿರು ಬಿಟ್ಟ. ಆ ಕೈ ಎಷ್ಟು ನಿಧಾನ, ಎಷ್ಟು ಗಟ್ಟಿ!

“ಇದು ನಿಮ್ದು ಸರ್, ನೀಲಿ ಟ್ಯೂಬು” ಅಂದ. ಪಕ್ಕದ ಕಿತ್ತಳೆ ಟ್ಯೂಬ್ ಮೇಲೆ ಮೊದಲ ಕಂಪನಿಯ ಹೆಸರಿನ ಚೀಟಿ ಇತ್ತು. ಒಂದೇ ಕೇಬಲ್, ಒಂದೇ ಬಾಕ್ಸ್. ಕೇಬಲ್ ಹಾಕಿದವರು ಮೂರನೆಯವರು, ಇಬ್ಬರೂ ಅವರಿಂದ ಬಾಡಿಗೆಗೆ ತೆಗೆದುಕೊಂಡಿದ್ದರು. ಫೋಟೋ ತೆಗೆದುಕೊಂಡೆ.

ಕಟ್ ಆದ ಕೇಬಲ್ ಜೋಡಿಸಿ ಇಷ್ಟು ದಿನವಾದರೂ ವಾಪಸ್ ಯಾಕೆ ಹಾಕುವುದಿಲ್ಲ ಅಂತ ಆ ಹುಡುಗನನ್ನೇ ಕೇಳಿದೆ. “ವಾಪಸ್ ಹಾಕ್ಬೇಕಂದ್ರೆ ಇನ್ನೊಂದು ಸಲ ಲಿಂಕ್ ಬೀಳಿಸ್ಬೇಕಲ್ಲ ಸರ್. ಗಿರಾಕಿ ಟೈಮ್ ಕೊಡಲ್ಲ. ಹಂಗೇ ಬಿಟ್ಬಿಡ್ತಾರೆ.” ಆಫೀಸಿಗೆ ಬಂದು ಹುಡುಕಿದೆ. ಕಟ್ ಆದ ಆರನೇ ದಿನ ಮೊದಲ ಕಂಪನಿಯ ಎನ್‌ಒಸಿಯಿಂದ (ಜಾಲ ನೋಡಿಕೊಳ್ಳುವ ಕೇಂದ್ರದಿಂದ) ಮೇಲ್ ಬಂದಿತ್ತು, ಹತ್ತು ಜನ ಓದುವ ಗ್ರೂಪ್ ವಿಳಾಸಕ್ಕೆ. ‘ಪ್ಲಾನ್ಡ್ ಆ್ಯಕ್ಟಿವಿಟಿ, ಅನುಮತಿ ಬೇಕು.’ ನಮ್ಮಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಅದನ್ನು ಓದಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇನ್ನೂ ಇದೆ. ಟಿಕೆಟ್ ಮುಚ್ಚಿದವರು ಆ ಮೇಲ್ ಒಂದನ್ನು ನೆನಪು ಮಾಡಿದ್ದರೆ ಸಾಕಿತ್ತು.

ಮುಂದಿನ ಭಾನುವಾರ ರಾತ್ರಿ ಎರಡಕ್ಕೆ ಟೈಮ್ ಕೊಟ್ಟೆವು. 11 ಸೆಕೆಂಡ್ ಲಿಂಕ್ ಬಿತ್ತು, ಎದ್ದಿತು. 0.41. ಮನೆಯಲ್ಲಿ ಎಲ್ಲರೂ ಮಲಗಿದ್ದರು, ನಾನೊಬ್ಬನೇ ಚಪ್ಪಾಳೆ ತಟ್ಟಿದೆ.

ಮೂರು ವರ್ಷ ಮುಗಿದಾಗ ಎರಡನ್ನೂ ನವೀಕರಿಸಿದೆವು. ಬೆಲೆಯಲ್ಲಿ ಜಾಸ್ತಿ ಎಳೆದಾಡಲಿಲ್ಲ, ಅದರ ಬದಲು ಕರಾರಿನಲ್ಲಿ ಸಾಲುಗಳನ್ನು ಕೇಳಿದೆವು. ಕೇಬಲ್ ಹೋಗುವ ದಾರಿಯ ನಕ್ಷೆಯನ್ನು ಗೂಗಲ್ ಅರ್ಥ್‌ನಲ್ಲಿ ತೆರೆಯುವ ಕೆಎಂಝಡ್ ಫೈಲ್‌ನಲ್ಲಿ ಕೊಡಬೇಕು, ಕಟ್ಟಡದಿಂದ ಹೊರಗೆ ಹೋಗುವ ಜಾಗವೂ ಸೇರಿ. ಉದ್ದ ಇಷ್ಟು ಕಿಲೋಮೀಟರ್ ದಾಟಬಾರದು. ಬೇರೆ ದಾರಿಗೆ ಹಾಕಿದರೆ ಅದೇ ದಿನ ತಿಳಿಸಬೇಕು, ಕೇಬಲ್ ಸರಿಯಾದ ಹತ್ತು ದಿನದೊಳಗೆ ವಾಪಸ್ ಹಾಕಬೇಕು. ನಮ್ಮ ಕಡೆಯಿಂದ ಎರಡು ದಿನದಲ್ಲಿ ಟೈಮ್ ಕೊಡುತ್ತೇವೆ ಅಂತ ನಾವೂ ಬರೆದುಕೊಟ್ಟೆವು. ಒಬ್ಬರು ಒಪ್ಪಿಕೊಂಡರು, ಇನ್ನೊಬ್ಬರು ಎರಡು ತಿಂಗಳು ಸತಾಯಿಸಿ ಒಪ್ಪಿದರು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅಗೆಯುವವರು ಜಾಗ ನಮೂದಿಸಿದರೆ ಅಲ್ಲಿ ಕೇಬಲ್ ಇರುವವರಿಗೆ ತಿಳಿಯುತ್ತದೆ. ಎಲ್ಲರೂ ಬಳಸಿದರೆ ಈ ಸಾಲುಗಳ ಅಗತ್ಯವೇ ಕಡಿಮೆಯಾಗಬಹುದು.

ಸಾವಿರಗಟ್ಟಲೆ ನಮೂದುಗಳನ್ನು ಎರಡು ಕಡೆ ಒಟ್ಟಿಗೆ ಬರೆಯಲೇಬೇಕಾದವರಿಗೆ ಈ ಸೇವೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ರಾತ್ರಿ ಒಂದು ಸಲ ಬ್ಯಾಕಪ್ ಕಳಿಸಿದರೆ ಸಾಕು ಅನ್ನುವವರಿಗೆ ಬೇಡವೇ ಬೇಡ, ಮಾಮೂಲಿ ಲೈನ್ ಸಾಕು.

ಕಳೆದ ನವೆಂಬರ್‌ನಲ್ಲಿ ರಾತ್ರಿ 9.40ಕ್ಕೆ ವರ್ತೂರು ಕಡೆಯ ಕೇಬಲ್ ಕಟ್ ಆಯಿತು. ತಿರುಗಿಸಲು ಅವರಿಗೆ ಬೇರೆ ದಾರಿ ಇರಲಿಲ್ಲ, ಜೋಡಿಸಿಯೇ ಆಗಬೇಕಿತ್ತು. ಎರಡೂ ಒಂದೇ ಕೇಬಲ್‌ನಲ್ಲಿ ಇರಲಿಲ್ಲವಾದ್ದರಿಂದ ಬಿದ್ದದ್ದು ಒಂದೇ ಲಿಂಕ್. ಬಡ್ಡಿ ಲೆಕ್ಕ ಎಂದಿನ ಹೊತ್ತಿಗೇ ಮುಗಿಯಿತು. ಬೆಳಿಗ್ಗೆ ಏಳಕ್ಕೆ ಪರದೆಯಲ್ಲಿ 0.41, ಅದರ ಪಕ್ಕ ಒಂದು ಅಡ್ಡಗೆರೆ. 7.20ಕ್ಕೆ ಅಡ್ಡಗೆರೆ ಹೋಗಿ 0.49 ಬಂತು. ಸ್ಪ್ಲೈಸಿಂಗ್ ಹುಡುಗನಿಗೆ ಫೋನ್ ಮಾಡಿ, ತಿಂಡಿ ಆಯ್ತಾ ಅಂತ ಕೇಳಿದೆ. ಈಗ ಹೋಟ್ಲು ಹುಡುಕ್ತಾ ಇದೀವಿ ಸರ್ ಅಂದ.