ಗಗನಯಾತ್ರಿ ಮಾದರಿಯ ತಪಾಸಣೆ: ಕುರ್ಚಿಗೆ ಐದು ತಾರೆ, ಕಣ್ಣಿನ ಕೋಣೆಗೆ ಒಂದು

ಗಗನಯಾತ್ರಿಗಳಿಗೆ ಮಾಡುವಂಥದೇ ದೇಹ ತಪಾಸಣೆ ಎಂದು ನಂಬಿಸಿದ್ದ ಕೇಂದ್ರವೊಂದಕ್ಕೆ ಹೋಗಿ ಬಂದೆ. ತಿರುಗುವ ಕುರ್ಚಿಗೆ ಪೂರ್ತಿ ಅಂಕ. ಕಣ್ಣು ಕಟ್ಟಿ ಕೂರಿಸಿ, ತಿರುಗಿಸುತ್ತಲೇ ತಲೆಯನ್ನು ಎಡಕ್ಕೂ ಬಲಕ್ಕೂ ಬಾಗಿಸಲು ಹೇಳುತ್ತಾರೆ. ಒಳಗಿವಿಯ ದ್ರವ ಕದಡಿ, ಕುರ್ಚಿ ನಿಂತ ಮೇಲೂ ನಾನು ಹಿಮ್ಮುಖವಾಗಿ ತಿರುಗುತ್ತಿರುವಂತೆಯೇ ಅನಿಸಿತು. ಕೈಗೆ ಕೊಟ್ಟಿದ್ದ ಕಾಗದದ ಚೀಲ ಮಾತ್ರ ಖಾಲಿಯಾಗಿಯೇ ಉಳಿಯಿತು. ಅಷ್ಟು ಹೆಮ್ಮೆ ನನಗಿರಲಿ.

ಸಿಟ್ಟು ಬಂದದ್ದು ಕಣ್ಣಿನ ಕೋಣೆಯಲ್ಲಿ. ಕನ್ನಡಕ ಕಂಡೊಡನೆ ‘ಅನರ್ಹ’ ಎಂದು ಬರೆದುಬಿಟ್ಟರು. ನಾಸಾ ಕೇಳುವುದು ಕನ್ನಡಕ ಹಾಕಿದರೆ 20/20, ಅಂದರೆ ಸಾಮಾನ್ಯ ಸ್ಪಷ್ಟ ದೃಷ್ಟಿ ಬರುತ್ತದೆಯೇ ಎಂದಷ್ಟೇ. 2007ರಿಂದ ಲೇಸರ್ ಶಸ್ತ್ರಚಿಕಿತ್ಸೆಗೂ ಅಲ್ಲಿ ಅವಕಾಶವಿದೆ. ಕುಳಿತಾಗಿನ ರಕ್ತದೊತ್ತಡ 140/90 ಮೀರಬಾರದು ಎಂಬ ನಾಸಾ ನಿಯಮವನ್ನಾದರೂ ಈ ಕೇಂದ್ರದವರು ಪಾಲಿಸಿದರೇ? ಕುರ್ಚಿಯಿಂದ ಇಳಿಸಿ, ನಿಲ್ಲಿಸಿಯೇ ಪಟ್ಟಿ ಸುತ್ತಿದರು: ಮೇಲಿನ ಅಂಕಿ 148. ಹತ್ತು ನಿಮಿಷ ಕುಳಿತು, ಹಟ ಹಿಡಿದು ಮತ್ತೆ ಅಳೆಸಿಕೊಂಡೆ: 126. ವರದಿಯಲ್ಲಿ ಉಳಿದಿರುವುದು ಮೊದಲನೆಯದೇ.