ಮಸಿ ಕಲೆಯೋ, ಹೂದಾನಿಯೋ: ಎರಡು ರೇಷ್ಮೆ ಸ್ಟೋಲ್‌ಗಳ ಹೋಲಿಕೆ

ಎರಡೂ ಒಂದೇ ಕ್ರೇಪ್ ರೇಷ್ಮೆ, ಎರಡೂ ಡಿಜಿಟಲ್ ಪ್ರಿಂಟ್, ಕೊಟ್ಟ ದುಡ್ಡೂ ಒಂದೇ. ಹಾಗಾಗಿ ಪೈಪೋಟಿ ಬಟ್ಟೆಯದ್ದಲ್ಲ, ಡಿಸೈನಿನದ್ದು. ಒಂದರಲ್ಲಿ ರೋರ್ಶಾಕ್ ಪರೀಕ್ಷೆಯ, ಅಂದರೆ ಮಸಿ ಕಲೆ ತೋರಿಸಿ ‘ಏನು ಕಾಣುತ್ತದೆ’ ಎಂದು ಕೇಳುವ ಮನಶ್ಶಾಸ್ತ್ರದ ಪರೀಕ್ಷೆಯ, ಮಾದರಿಯ ಮಸಿ ಕಲೆ. ಇನ್ನೊಂದರಲ್ಲಿ ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ ಅವರ 1915ರ ಪ್ರಬಂಧದಿಂದ ಪ್ರಸಿದ್ಧವಾದ ಹೂದಾನಿ. ನಡುವೆ ನೋಡಿದರೆ ಹೂದಾನಿ, ಅಕ್ಕಪಕ್ಕ ನೋಡಿದರೆ ಎದುರುಬದುರು ಎರಡು ಮುಖ.

ಮಂಚದ ಮೇಲೆ ಹರಡಿದಾಗ ಹೂದಾನಿಯದ್ದೇ ಗತ್ತು. ಹೆಗಲಿಗೆ ಹಾಕಿಕೊಂಡರೆ ಕಥೆ ಮುಗೀತು. ಈ ಚಿತ್ರದ ಎರಡೂ ಅಂಚು ಒಟ್ಟಿಗೆ ಕಾಣಬೇಕು. ಒಂದು ನೆರಿಗೆ ಬಿದ್ದರೆ ಒಂದು ಮೂಗು ಒಳಗೆ ಹೋಗುತ್ತದೆ, ಉಳಿದದ್ದು ಸುಮ್ನೆ ಕಪ್ಪು ಬಿಳಿ ಪಟ್ಟೆ. ಕ್ರೇಪ್ ನೂಲಿಗೆ ಹುರಿ ಜಾಸ್ತಿ, ಅದಕ್ಕೇ ಅದರ ಮೈ ತರಿತರಿ. ಆ ತರಿಯಲ್ಲಿ ಮುಖದ ಗೆರೆ ಮೊಂಡಾಗಿದೆ. ಹಿಂಬದಿಗೆ ಕಪ್ಪು ಪೂರ್ತಿ ಇಳಿದಿಲ್ಲ, ಬೂದು ಬಣ್ಣವಾಗಿದೆ. ಗಾಳಿಗೆ ಮಗುಚಿದರೆ ಎದ್ದು ಕಾಣುತ್ತದೆ.

ಮಸಿ ಕಲೆಗೆ ಈ ತಾಪತ್ರಯ ಇಲ್ಲ. ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ್ದು 10 ಕಾರ್ಡ್. 5 ಬರೀ ಕಪ್ಪು ಬೂದು, 2ರಲ್ಲಿ ಕೆಂಪೂ ಇದೆ, ಉಳಿದ 3 ಬಣ್ಣಬಣ್ಣದವು. ಆ ಕಾರ್ಡುಗಳನ್ನೇ ಪ್ರಿಂಟ್ ಮಾಡಿಸಲು ಮನಸ್ಸಾಗಲಿಲ್ಲ. ಅವು ಈಗಲೂ ಪರೀಕ್ಷೆಗೆ ಬಳಕೆಯಲ್ಲಿವೆ, ಮೊದಲೇ ನೋಡಿದವರ ಉತ್ತರ ಬದಲಾಗಬಹುದು ಅಲ್ವಾ? ಕಾಗದಕ್ಕೆ ಕಪ್ಪು, ಕೆಂಪು ಮಸಿ ಸುರಿದು, ಮಡಚಿ ಒತ್ತಿ, ಬಂದದ್ದನ್ನು ಸ್ಕ್ಯಾನ್ ಮಾಡಿ ಕೊಟ್ಟೆ.

ಇದು ನೆರಿಗೆ ಬಿದ್ದಷ್ಟೂ ಚೆನ್ನ. ಪ್ರತಿ ಮಡಿಕೆಯಲ್ಲೂ ಹೊಸ ಆಕಾರ ಹುಟ್ಟುತ್ತದೆ. ಉದ್ದಕ್ಕೆ ಸರಿಯಾಗಿ ಮಡಚಿದರೆ ಎಡ ಬಲ ಒಂದರ ಮೇಲೊಂದು ಕೂರುತ್ತವೆ. ಚೌಕದ ಸ್ಕಾರ್ಫ್ ಆಗಿದ್ದರೆ ಮೂಲೆಯಿಂದ ಮೂಲೆಗೆ ಮಡಚುತ್ತೇವೆ, ಆಗ ಈ ಸೊಗಸು ಸಿಗದು. ಹೂದಾನಿಗೆ ಶತ್ರುವಾಗಿದ್ದ ತರಿ ಇಲ್ಲಿ ನೆಂಟನಾಗಿದೆ. ಕಲೆಯ ಅಂಚು ಕಾಗದ ಮಸಿ ಹೀರಿದ ಹಾಗೇ ಕಾಣುತ್ತದೆ. ಆಫೀಸಿನಲ್ಲಿ ಒಬ್ಬರಿಗೆ ಬಾವಲಿ ಕಂಡಿತು, ಇನ್ನೊಬ್ಬರಿಗೆ ಜಗಳವಾಡುವ ಹುಂಜಗಳು. ನಮ್ಮತ್ತೆ ಮಾತ್ರ, "ಇದೇನೇ, ಯಾರೋ ಎಲೆಅಡಿಕೆ ಉಗಿದ ಹಾಗಿದೆ" ಅಂದರು. ಕೆಂಪು ಸ್ವಲ್ಪ ಕಡಿಮೆ ಇರಬೇಕಿತ್ತು, ಒಪ್ಪಿದೆ.

ತೊಡುವುದಕ್ಕಾದರೆ ನನ್ನ ಓಟು ಮಸಿ ಕಲೆಗೇ. ಹೂದಾನಿಯೇ ಬೇಕು ಅನ್ನುವವರು ನುಣುಪಾದ ಸ್ಯಾಟಿನ್ ರೇಷ್ಮೆ ಮೇಲೆ, ಅಂಗೈಗಿಂತ ಚಿಕ್ಕದಾಗಿ, ಸಾಲುಸಾಲಾಗಿ ಪ್ರಿಂಟ್ ಮಾಡಿಸಿ. ನೆರಿಗೆಯಲ್ಲಿ ನಾಲ್ಕು ಮರೆಯಾದರೂ ನಾಲ್ಕು ಹೊರಗೆ ಉಳಿಯುತ್ತವೆ.